ನೀವು ಒರೆಸಿ ಹಾಕಿದ ಚುಕ್ಕಿ

ಸಂಗೀತ ಪರೀಕ್ಷಾ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ಕಚೇರಿ ಒಂದು ಚುಕ್ಕಿಯನ್ನು ಮಸಿಯ ಕಲೆಯೆಂದು ಒರೆಸಿ ಹಾಕಿತು, ನಾನು ಫೇಲಾದೆ. ದೂರು ಇಷ್ಟೇ. ಆದರೆ ಇಷ್ಟನ್ನೇ ಹೇಳಿದಾಗ ನಿಮ್ಮ ಗುಮಾಸ್ತರು "ಚುಕ್ಕಿ ತಾನೇ, ಅದಕ್ಯಾಕಮ್ಮ ಇಷ್ಟು ರಂಪ?" ಎಂದರು. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ಮೂರು ವರ್ಷದಿಂದ, ಅಂಗಡಿ ತೆರೆಯುವ ಮುಂಚೆ, ನಮ್ಮತ್ತೆಯ ಹತ್ತಿರ ಹಾಡು ಕಲಿಯುತ್ತಿದ್ದೇನೆ. ಅವರದು ಸುಲಭಕ್ಕೆ ಹೊಗಳುವ ಬಾಯಲ್ಲ. "ಏನೇ, ಭುಜ ಎತ್ತಿ ಉಸಿರು ಎಳ್ಕೋತೀಯಲ್ಲ, ಹಾಡ್ತೀಯೋ ಜಗಳಕ್ಕೆ ಹೊರಟಿದೀಯೋ?" ಎಂದು ನೆಲದ ಮೇಲೆ ಮಲಗಿಸಿದರು. ಹೊಟ್ಟೆಯ ಮೇಲೆ ನನ್ನದೇ ತಣ್ಣನೆಯ ಇಸ್ತ್ರಿಪೆಟ್ಟಿಗೆ ಇಟ್ಟರು. ಉಸಿರಿಗೆ ಅದು ಏರಿ ಇಳಿಯುವ ತನಕ ಒಂದು ಸ್ವರವನ್ನೂ ಹಾಡಲು ಬಿಡಲಿಲ್ಲ. ದವಡೆ ಸಡಿಲ ಬಿಡುವುದನ್ನು ಕಲಿಯಲು ಆರು ತಿಂಗಳು ಹಿಡಿಯಿತು. ಆಮೇಲೆ ಸ್ವರಲಿಪಿ ಓದುವುದು ಬಂತು. ಬರಿಯ 'ಸ' ನಡುವಿನದು, ನೆತ್ತಿಯ ಮೇಲೆ ಚುಕ್ಕಿಯಿದ್ದರೆ ಮೇಲಿನದು, ಕಾಲಡಿ ಇದ್ದರೆ ಕೆಳಗಿನದು. ಮಕ್ಕಳಿಗೆ ಮೊದಲ ವಾರ ಹೇಳಿಕೊಡುವ ಪಾಠ. ನಿಮ್ಮ ಮಂಡಳಿಯಲ್ಲಿ ಆ ವಾರ ಎಲ್ಲರೂ ರಜೆಯಲ್ಲಿದ್ದರೇ?

ಪರೀಕ್ಷೆಯ ದಿನ ಹೊಸ ಹಾಳೆ ಕೊಟ್ಟರು. 'ಪ ದ ನಿ ಸ' ಎಂದಿತ್ತು. ಚುಕ್ಕಿ ಇಲ್ಲ. ಮೇಲೆ ದಪ್ಪಕ್ಷರದಲ್ಲಿ, "ಹಾಳೆಯಲ್ಲಿ ಇದ್ದಂತೆಯೇ ಹಾಡತಕ್ಕದ್ದು." ನನಗೆ ಅನುಮಾನ ಬಂತು. ಬಂದರೇನು, ಬಟ್ಟೆಯ ಮೇಲಿನ ಗುರುತು ಬಿಟ್ಟು ಕತ್ತರಿ ಆಡಿಸಿ ಅಭ್ಯಾಸವಿಲ್ಲ. 'ನಿ'ವರೆಗೆ ಏರಿ, ಅಲ್ಲಿಂದ ನಡುವಿನ 'ಸ'ಕ್ಕೆ ಧೊಪ್ಪನೆ ಇಳಿದೆ. ಪರೀಕ್ಷಕರ ಕೈಯಲ್ಲಿದ್ದದ್ದು ಹಳೆಯ ಪ್ರತಿ. ಅದರಲ್ಲಿ 'ಸ'ದ ನೆತ್ತಿಯ ಮೇಲೆ ಚುಕ್ಕಿ ಇತ್ತು.

"ಮೇಲಕ್ಕೆ ಹತ್ತೋಕೆ ಆಗಲ್ವೇನಮ್ಮ?" ಎಂದರು.

"ಆಗತ್ತೆ ಸಾರ್, ಹಾಳೇಲಿ ಹಾಗಿಲ್ಲ," ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಕ್ಕರು. ಅಂಕಪಟ್ಟಿಯಲ್ಲಿ, "ಕಂಠ ಮೇಲಿನ ಸ್ಥಾಯಿಯನ್ನು ಮುಟ್ಟುವುದಿಲ್ಲ."

ದೂರು ಕೊಟ್ಟೆ. "ಮುದ್ರಣದಲ್ಲಿ ಕಂಡುಬಂದ ಮಸಿ ಕಲೆಗಳನ್ನು ನಿವಾರಿಸಿ ಹಾಳೆಗಳನ್ನು ಸ್ವಚ್ಛಗೊಳಿಸಲಾಗಿದೆ" ಎಂದು ಉತ್ತರ ಬಂತು. ಅಬ್ಬಾ, ಎಂಥ ಶುಚಿತ್ವ! ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರೆ "ಉತ್ತರಪತ್ರಿಕೆಯ ನಕಲನ್ನು ಲಗತ್ತಿಸಿ" ಎಂದಿರಿ. ಸ್ವಾಮಿ, ನಾನು ಹಾಡಿದ್ದು. ಅದರ ನಕಲನ್ನು ಯಾವ ಪಿನ್ನಿನಿಂದ ಲಗತ್ತಿಸಲಿ?

ನಗು ಇಲ್ಲಿಗೆ ಸಾಕು. ನಮ್ಮ ಬೀದಿಯ ಶಾಲೆಯಲ್ಲಿ ಹಾಡು ಕಲಿಸುವ ಕೆಲಸ ಖಾಲಿಯಿದೆ. ನಿಮ್ಮ ಪ್ರಮಾಣಪತ್ರ ಬೇಕು, ವಯಸ್ಸು ನಲವತ್ತು ದಾಟಿರಬಾರದು. ಮುಂದಿನ ತಿಂಗಳು ನನಗೆ ನಲವತ್ತು ದಾಟುತ್ತದೆ. ಅರ್ಜಿ ಹಾಕಲು ಈ ಶುಕ್ರವಾರವೇ ಕೊನೆಯ ದಿನ. ಜೀವನದಲ್ಲಿ ನಾನು ಆಸೆಪಟ್ಟು ಕೇಳಿದ ಕೆಲಸ ಇದೊಂದೇ.

ಆದ್ದರಿಂದ ಚುಕ್ಕಿಯಿರುವ ಹಾಳೆ ಕೊಟ್ಟು ನನ್ನನ್ನು ಮತ್ತೆ ಪರೀಕ್ಷಿಸಿ. ಗುರುವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕಚೇರಿಗೆ ಬರುತ್ತೇನೆ. ಒಳಗೆ ಕರೆದರೆ ಒಳಗೆ ಹಾಡುತ್ತೇನೆ. ಕರೆಯದಿದ್ದರೆ ವರಾಂಡದಲ್ಲಿ ನಿಂತು ಮೇಲಿನ 'ಸ' ಹಿಡಿಯುತ್ತೇನೆ, ನೀವು ಬಾಗಿಲು ತೆಗೆಯುವವರೆಗೆ.

ಇಂತಿ,
ಕಂಠ ಸರಿಯಿದ್ದು ಕಾಲ ಸಾಲದ
ಒಬ್ಬ ದರ್ಜಿ