ಕೇಕು ಬೇಡ, ಬಿಡುವು ಕೊಡಿ

ದಾವಣಗೆರೆ
೨೨ ಡಿಸೆಂಬರ್ ೧೯೫೬

ಮಿಲ್ ಮ್ಯಾನೇಜರ್ ಅವರಿಗೆ,

ಕ್ರಿಸ್‌ಮಸ್‌ಗೆ ಗೇಟಿನಲ್ಲಿ ನಕ್ಷತ್ರ, ಮನೆಗೊಂದು ಕೇಕು, ಹರಿಹರದ ಚರ್ಚಿಗೆ ಹೋಗಲು ಬೆಳಗಿನ ಪಾಳಿ ಬಿಡುವು ಎಂದು ಕ್ರೈಸ್ತ ಕೆಲಸಗಾರರಾದ ನಮಗೆ ಮಾತು ಕೊಟ್ಟಿರಿ. ನಕ್ಷತ್ರ, ಕೇಕು ಬಂದವು. ಬಿಡುವು ಮಾತ್ರ ಇಲ್ಲವೆಂದಿರಿ. "ಹಬ್ಬ ಗೇಟಿಗೇ ಬಂದೈತಲ್ಲ, ಚರ್ಚ್ ಯಾಕ?" ಎಂದು ನಕ್ಕಿರಿ.

ಸ್ವಾಮಿ, ಪ್ರಾರ್ಥನೆಯಿಲ್ಲದಿದ್ದರೆ ಅದು ನಿಮ್ಮ ಗೇಟಿನ ಅಲಂಕಾರ, ನಮ್ಮ ಹಬ್ಬವಲ್ಲ.

ಮಗ್ಗಗಳು ನಿಲ್ಲುವುದಿಲ್ಲ. ಅಕ್ಕಪಕ್ಕದವರು ನಡೆಸುತ್ತಾರೆ. "ಜುಮ್ಮಾ ನಮಾಜಿಗೆ ಹೋದಾಗ ನನ್ನ ಮಗ್ಗ ನೀನು ನೋಡ್ಕಂಡೆ. ಈಗ ನೀ ಹೋಗಿ ಬಾರಪ್ಪ" ಎಂದು ಪಕ್ಕದ ಮಗ್ಗದ ಮಸ್ತಾನಸಾಬರೇ ನನಗೆ ಹೇಳಿದ್ದಾರೆ. ಆ ಪಾಳಿಯ ನಮ್ಮ ಕೂಲಿ ಮಗ್ಗ ನಡೆಸಿದವರಿಗೇ ಸೇರಲಿ.

ಕೇಕುಗಳನ್ನು ವಾಪಸು ಕಳಿಸಿದ್ದೇವೆ. ಬಿಡುವು ಕೊಟ್ಟರೂ ಕೊಡದಿದ್ದರೂ ಹಬ್ಬದ ಬೆಳಿಗ್ಗೆ ನಾವು ಚರ್ಚಿನಲ್ಲಿರುತ್ತೇವೆ. ನಿಮ್ಮ ಉತ್ತರ ಕೇಳಲು ಸೋಮವಾರ ಸಂಜೆ ಐದಕ್ಕೆ ಎಲ್ಲರೂ ನಿಮ್ಮ ಕೋಣೆಗೆ ಬರುತ್ತೇವೆ.

ಇಂತಿ,
ಸಾಮುವೇಲಪ್ಪ
ನೇಯ್ಗೆ ಖಾತೆ