ಕಂಡಿಕೆ ಬುಟ್ಟಿಯೊಳಗಿನ ಮಿಂಚವ್ವ

ನಮ್ಮ ಮನೆಯವರಿಗೆ,

ಹೆಸರು ಬರೆದು ಶುರು ಮಾಡೋಣವೆಂದು ಪೆನ್ನು ಹಿಡಿದೆ, ಕೈ ಏಳಲಿಲ್ಲ. ನೀವಿದ್ದಾಗ ಒಂದು ಸಲವೂ ನಿಮ್ಮ ಹೆಸರು ಹಿಡಿದು ಕರೆದವಳಲ್ಲ. ಈಗ ಕರೆದರೆ ನೀವೇ ಗಾಬರಿಬಿದ್ದು ಎದ್ದು ಕೂತೀರಿ. ನೀವು ಹೋಗಿ ಹತ್ತಿರ ಹತ್ತಿರ ಎರಡು ತಿಂಗಳಾಯಿತು. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಮಲಗುತ್ತೇನೆ, ಸೊಸೆಯ ಜೊತೆ ದಿನಕ್ಕೊಂದು ಜಗಳ ಆಡುತ್ತೇನೆ. ಅಳು ಬಂದರೆ ಅಳುತ್ತೇನೆ. ಆದರೆ ಈ ಪತ್ರ ಅಳುವುದಕ್ಕಲ್ಲ. ನಿಮ್ಮ ಮೇಲೆ ನನ್ನದೊಂದು ತಕರಾರಿದೆ, ಅದಕ್ಕೆ.

ನೀವು ನನ್ನನ್ನು ನೋಡಲು ಜಮಖಂಡಿಗೆ ಬಂದ ದಿನ ನೆನಪಿದೆಯೆ? ಸಂಸ್ಥಾನಗಳೆಲ್ಲ ಮುಗಿದು ನಾವು ಮುಂಬಯಿ ರಾಜ್ಯದವರಾಗಿ ಒಂದೆರಡು ವರ್ಷವಾಗಿತ್ತು. ಅಪ್ಪ ಹತ್ತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ದಿವಾನಜಿ. ನಿಮ್ಮ ಅವ್ವ ನನ್ನನ್ನು ರೊಟ್ಟಿ ಬಡಿಯಲು ಬರುತ್ತದೆಯೇ, ರಾಟಿ ತಿರುಗಿಸಲು ಬರುತ್ತದೆಯೇ ಎಂದೆಲ್ಲ ಕೇಳಿದರು. ನೀವು ಅವಲಕ್ಕಿ ತಟ್ಟೆಯನ್ನೇ ನೋಡುತ್ತ ಕೂತವರು, ಹೊರಡುವಾಗ ಅಪ್ಪನನ್ನು ಒಂದೇ ಒಂದು ಮಾತು ಕೇಳಿದಿರಿ.

“ಇಂಗ್ಲಿಷ್ ಓದಾಕ ಬರತೈತೇನ್ರಿ?”

ಸಂಬಂಧ ಕೈತಪ್ಪೀತೆಂಬ ಹೆದರಿಕೆಯಲ್ಲಿ ಅಪ್ಪ, “ಬರತೈತ್ರಿ, ಮೂರ ವರ್ಷ ಕಲ್ತಾಳ” ಎಂದುಬಿಟ್ಟ. ನಾನು ಇಂಗ್ಲಿಷ್ ಕಲಿತದ್ದು ಮೂರು ತಿಂಗಳು. ಅಕ್ಷರ ಗೊತ್ತಿದ್ದವು, ಬೆಕ್ಕು, ಇಲಿ, ಟೊಪ್ಪಿಗೆ ಎಂಬಂಥ ಹತ್ತಿಪ್ಪತ್ತು ಶಬ್ದ ಗೊತ್ತಿದ್ದವು. ಅಷ್ಟರಲ್ಲಿ ಅವ್ವನಿಗೆ ಕಾಯಿಲೆಯಾಗಿ ಸಾಲೆ ಬಿಡಿಸಿದ್ದರು. ನಮ್ಮ ಓಣಿಯವರು ಮಾತ್ರ, ವರ ಭಾಳ ಸುಧಾರಿಸಿದವ, ಕಲಿತ ಹುಡುಗಿಯೇ ಬೇಕೆನ್ನುತ್ತಾನೆ ಎಂದು ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಗಂಡನ ಮನೆಗೆ ಕಳಿಸುವ ದಿನ ಅವ್ವ ಸೆರಗು ಸರಿ ಮಾಡುವ ನೆವದಲ್ಲಿ ಕಿವಿಯಲ್ಲಿ ಹೇಳಿದಳು: “ನಿಮ್ಮಪ್ಪನ ಮಾರಿ ಕೆಳಗ ಮಾಡಬ್ಯಾಡ.” ಆ ಮಾತು ಹೊತ್ತುಕೊಂಡೇ ನಾನು ಬನಹಟ್ಟಿಗೆ ಬಂದೆ.

ಬಂದು ಎಂಟು ದಿನವಾಗಿರಬೇಕು. ನಾನು ನಡುಮನೆಯಲ್ಲಿ ರಾಟಿಯ ಮುಂದೆ ಕಂಡಿಕೆ ಸುತ್ತುತ್ತಿದ್ದೆ. ಲಾಳಿಯೊಳಗೆ ಕೂಡಿಸುವ ಆ ಸಣ್ಣ ಕೊಳವೆಗಳಿಗೆ ನೂಲು ಸುತ್ತಿ ತುಂಬುವುದು ನನ್ನ ಕೆಲಸ, ಪಡಸಾಲೆಯ ಮಗ್ಗದಲ್ಲಿ ಕೂತು ಅವನ್ನು ಖಾಲಿ ಮಾಡುವುದು ನಿಮ್ಮ ಕೆಲಸ. ಖಾಲಿ ಬುಟ್ಟಿ ಒಳಗೆ, ತುಂಬಿದ ಬುಟ್ಟಿ ಹೊರಗೆ. ನಡುವೆ ಹೊತ್ತು ತಿರುಗುವವರು ನಿಮ್ಮ ಅವ್ವ. ಆ ದಿನ ಬುಟ್ಟಿಯ ತಳದಲ್ಲಿ ಒಂದು ಮಡಚಿದ ಪುಟ ಇತ್ತು. ಮುಂಬಯಿಯಿಂದ ಬರುವ ನೂಲಿನ ಗಂಟಿಗೆ ಸುತ್ತುತ್ತಿದ್ದ ಇಂಗ್ಲಿಷ್ ಪೇಪರಿನ ರವಿವಾರದ ಪುಟ. ಚೌಕ ಚೌಕವಾಗಿ ಬಣ್ಣದ ಚಿತ್ರಗಳು, ಬಾಯಿಂದ ಹೊರಟ ಬಿಳಿ ಗುಳ್ಳೆಗಳಲ್ಲಿ ಮಾತು. ಮುಖವಾಡ ಹಾಕಿ ಹಸಿರು ಅಂಗಿ ತೊಟ್ಟ ಗಂಡಸೊಬ್ಬ ಮಾಳಿಗೆಗಳ ಮೇಲೆ ಹಾರುತ್ತಿದ್ದ. ಅವನ ತೋಳಲ್ಲಿ ಕಿತ್ತಳೆ ಬಣ್ಣದ ಬಟ್ಟೆಯ ಹೆಂಗಸು, ಅವಳಿಗೂ ಮುಖವಾಡ, ಅವಳ ಅಂಗೈಯಿಂದ ಸಿಡಿಲು. ಜೊತೆಗೆ ನಿಮ್ಮ ದುಂಡು ಅಕ್ಷರದ ಚೀಟಿ: “ಇದರಾಗ ಏನ ಬರದಾರ, ಓದಿ ಬರದ ಕಳಸು.”

ಓಹೋ, ಇಂಗ್ಲಿಷ್ ಬೇಕಾದದ್ದು ಇದಕ್ಕೋ! ಸುಧಾರಣೆಯೂ ಇಲ್ಲ, ಎಂಥದೂ ಇಲ್ಲ. ನನಗೆ ನಗು ಬಂತು, ಮರುಗಳಿಗೆ ಅಪ್ಪನ ನೆನಪಾಯಿತು. ಬರುವುದಿಲ್ಲ ಎಂದರೆ ಅಪ್ಪ ಸುಳ್ಳನಾದ. ನಿಮ್ಮ ಅವ್ವ ಆಗಲೇ ಬಾವಿಕಟ್ಟೆಯಲ್ಲಿ, ನಮ್ಮ ಸೊಸಿ ಇಂಗ್ಲಿಷ್ ಕಲಿತಾಕಿ ಎಂದು ಸಾರಿ ಬಂದಿದ್ದರು. ನಾಳೆ ಅದೇ ಕಟ್ಟೆಯಲ್ಲಿ ಏನಂದಾರು? ನನ್ನನ್ನು ತವರಿಗೆ ಅಟ್ಟಿದರೆ... ಅರ್ಧ ತಾಸು ಚಿತ್ರ ನೋಡಿದೆ. ಆಮೇಲೆ ಬಂದದ್ದು ಬರಲಿ ಎಂದು ಚೀಟಿಯ ಹಿಂದೆ ಬರೆದೆ: ಇವರಿಬ್ಬರು ಗಂಡ ಹೆಂಡತಿ. ಇವನ ಹೆಸರು ಗಾಳೆಪ್ಪ, ಇವಳ ಹೆಸರು ಮಿಂಚವ್ವ. ಮಿಂಚವ್ವನಿಗೆ ತವರಿನ ನೆನಪಾಗಿದೆ. ಬಸ್ಸು ತಪ್ಪಿತೆಂದು ಗಾಳೆಪ್ಪ ಅವಳನ್ನು ಎತ್ತಿಕೊಂಡು ಹಾರಿ ಹೊರಟಿದ್ದಾನೆ.

ಮಧ್ಯಾಹ್ನ ಬುಟ್ಟಿ ತಿರುಗಿ ಬಂತು. ಚೀಟಿಯಲ್ಲಿ ಒಂದೇ ಶಬ್ದ: “ಮುಂದ?”

ಹೀಗೆ ಶುರುವಾಯಿತು. ಈಗಿನವರಿಗೆ ಹೇಳಿದರೆ, ಒಂದೇ ಮನೆಯಲ್ಲಿದ್ದು ಚೀಟಿ ಯಾಕೆ, ಮಾತಾಡಬಾರದಿತ್ತೇ ಎನ್ನುತ್ತಾರೆ. ಹಗಲು ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವುದುಂಟೇ? ಉಳಿದ ಹೊತ್ತಿನಲ್ಲಿ ನಿಮ್ಮ ಅವ್ವ, ಅಪ್ಪ, ಇಬ್ಬರು ತಂಗಿಯರು, ಎಲ್ಲರೂ ಅದೇ ಗೋಡೆಗಳ ನಡುವೆ. ನೀವಂತೂ ಹತ್ತು ಮಾತಿಗೆ ಒಂದು ‘ಹೂಂ’ ಅನ್ನುವ ಜಾತಿ. ನಿಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ಬುಟ್ಟಿ ಹೊತ್ತು ಹೊತ್ತು ಪಾಪ, ಮಗ ಸೊಸೆಯ ಟಪಾಲು ತಾವೇ ಮುಟ್ಟಿಸುತ್ತಿದ್ದೇವೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ನಿಮ್ಮ ಹುಚ್ಚು ಎಷ್ಟಿತ್ತೆಂದರೆ, ಒಂದು ವಾರ ನೀವು ಹಸಿರು ಒಡಲಿಗೆ ಕಿತ್ತಳೆ ಅಂಚಿನ ಸೀರೆಗೆ ಮಗ್ಗದಲ್ಲಿ ಹಾಸುನೂಲು ಹೂಡಿ ಕೂತಿರಿ. ಈ ಬಣ್ಣ ಯಾರು ಉಡುತ್ತಾರೆ ಎಂದು ಮಾವ ಕೂಗಾಡಿದರು. ನೀವು ‘ಹೂಂ’ ಎಂದು ನೇಯುತ್ತಲೇ ಇದ್ದಿರಿ. ಮುಧೋಳದ ಸಂತೆಗೆ ಹೋದ ಆರೂ ಸೀರೆ ಅಲ್ಲೇ ಖರ್ಚಾಗಿ, ಇನ್ನೂ ಬೇಕೆಂದು ಬೀಳಗಿಯಿಂದಲೂ ಹೇಳಿಕಳಿಸಿದಾಗ ಮಾವನ ಬಾಯಿ ಬಂದ್ ಆಯಿತು. ಆ ಬಣ್ಣ ಎಲ್ಲಿಂದ ಬಂತೆಂಬುದು ಊರಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಆರು ತಿಂಗಳಾಗುವಷ್ಟರಲ್ಲಿ ನನಗೆ ಧೈರ್ಯ ಬಂದಿತ್ತು. ಕಥೆಯ ನಡುವೆ ನನ್ನ ಮಾತನ್ನೂ ತೂರಿಸುತ್ತಿದ್ದೆ. ಊರಿಗೆ ಬಂದು ಇಷ್ಟು ದಿನವಾದರೂ ಹೊಳೆ ನೋಡಿಲ್ಲ ಎಂದು ಮಿಂಚವ್ವ ಮುನಿಸಿಕೊಂಡಿದ್ದಾಳೆ ಎಂದು ಒಮ್ಮೆ ಬರೆದೆ. ಮುಂದಿನ ಸೋಮವಾರ ನೀವು ಅವ್ವನಿಗೆ ಅದೇನು ಹರಕೆಯ ನೆವ ಹೇಳಿದಿರೋ, ಚಕ್ಕಡಿ ಕಟ್ಟಿಸಿ ಎಲ್ಲರನ್ನೂ ಕೃಷ್ಣೆಯ ದಂಡೆಗೆ ಒಯ್ದಿರಿ. ಹಾರಿ ಹಾರಿ ಮಿಂಚವ್ವನ ಬಲಭುಜ ನೋಯುತ್ತಿದೆ ಎಂದು ಬರೆದ ಮರುದಿನ, ನಾನು ನೀರಿಗೆ ಹೋಗಿ ಬರುವುದರೊಳಗೆ ರಾಟಿಯ ಕೆಳಗೆ ಹಲಗೆಯಿಟ್ಟು ಎತ್ತರ ಮಾಡಿದ್ದಿರಿ. ಆಗಲೂ ನನಗೆ ಸಂಶಯ ಬರಲಿಲ್ಲ ನೋಡಿ. ಕಥೆ ನಂಬಿ ನಂಬಿ ಮನುಷ್ಯ ಮೆತ್ತಗಾಗಿದ್ದಾನೆ ಎಂದುಕೊಂಡೆ. ಎಂಥ ಹೆಡ್ಡಿ ನಾನು!

ಆಮೇಲೆ ಈರಪ್ಪ ಬಂದ. ನಿಮ್ಮ ಜೀವದ ಗೆಳೆಯ. ರಬಕವಿಯ ಬಣ್ಣದ ಅಂಗಡಿಯಲ್ಲಿ ಗುಮಾಸ್ತನಾಗಿದ್ದು, ನಮ್ಮ ಮದುವೆಗೆ ಮೊದಲೇ ಮುಂಬಯಿಯ ಗಿರಣಿಗೆ ಹೋದವನು, ಇಂಗ್ಲಿಷ್ ಚೆನ್ನಾಗಿ ಬಲ್ಲವನು. ರಜೆಯ ಮೇಲೆ ಬಂದು ನಿಮ್ಮ ಮಗ್ಗದ ಬದಿಯಲ್ಲಿ ಕೂತ. ನಾನು ಚಹಾ ತಂದೆ. ನೋಡಿದರೆ ಅವನ ಒಂದು ಕೈಯಲ್ಲಿ ಬಣ್ಣದ ಪುಟ, ಇನ್ನೊಂದರಲ್ಲಿ ನನ್ನ ಚೀಟಿ! ಅದನ್ನು ನೋಡುತ್ತಾನೆ, ಇದನ್ನು ನೋಡುತ್ತಾನೆ, ಮೀಸೆಯಡಿ ನಗುತ್ತಾನೆ. ಚಹಾ ಅವನ ಮುಂದಿಟ್ಟೆ. ಇವತ್ತಿಗೆ ಮುಗಿಯಿತು, ಅಪ್ಪನ ಮಾನ ಇವತ್ತಿಗೆ ಹೋಯಿತು ಅಂದುಕೊಂಡೆ.

“ವೈನಿ, ಇದೇನ್ರಿ ಇದು? ಇಲ್ಲಿ ಇರೂದು...” ಎಂದು ಅವನು ಬಾಯಿ ತೆರೆದ.

ನೀವು ಮಗ್ಗ ನಿಲ್ಲಿಸಿದಿರಿ. “ಈರ್ಯಾ, ಚಹಾ ಆರತೈತಿ, ಕುಡಿ. ನಮ್ಮ ಮನ್ಯಾಗ ಆಕಿ ಓದಿದ್ದಽ ಖರೆ.”

ಅವನು ಚೀಟಿ ಕೆಳಗಿಟ್ಟು ಚಹಾ ಎತ್ತಿಕೊಂಡ. ನಾನು ಅಡಿಗೆಮನೆಗೆ ಹೋಗಿ ಅತ್ತೆ. ಬದುಕಿಕೊಂಡೆನೆಂದಲ್ಲ. ಇಷ್ಟು ನಂಬುವವರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು. ಇವತ್ತೇ ಹೇಳಿಬಿಡುತ್ತೇನೆ, ಈ ಚೀಟಿಯಲ್ಲೇ ಬರೆಯುತ್ತೇನೆ ಎಂದು ಕೂತೆ. ಅಷ್ಟರಲ್ಲಿ ಬುಟ್ಟಿಯಲ್ಲಿ ಹೊಸ ಪುಟ ಬಂತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ನಿಮ್ಮ ಜೊತೆಗೇ ಹೋಯಿತು.

ಈಗ ತಕರಾರಿಗೆ ಬರುತ್ತೇನೆ. ನಿಮ್ಮ ದಿನದ ಕಾರ್ಯಕ್ಕೆ ಈರಪ್ಪ ಬಂದಿದ್ದ, ಬೆನ್ನು ಬಾಗಿದೆ, ಕೋಲು ಹಿಡಿದಿದ್ದಾನೆ. ಊಟವಾದ ಮೇಲೆ ನನ್ನ ಬಳಿ ಕೂತ. ಹೇಗೂ ನೀವು ಹೋಗಿಬಿಟ್ಟಿದ್ದೀರಿ, ಇವನಿಗಾದರೂ ಹೇಳಿ ಹಗುರಾಗೋಣವೆಂದು, ಮದುವೆಯಾದಾಗ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

“ಅಂವಗ ಗೊತ್ತಿತ್ತಲ್ರಿ ವೈನಿ. ಮೊದಲಿನ ಹಾಳಿ ಎಲ್ಲಾ ನಿಮ್ಮ ಲಗ್ನಕಿಂತಾ ಮೊದಲಽ ನಾ ಓದಿ ಹೇಳಿದ್ದೆ.”

ಆಮೇಲೆ ಅವನೇ ಎಲ್ಲ ಬಿಡಿಸಿ ಹೇಳಿದ. ಈರಪ್ಪ ಮುಂಬಯಿಗೆ ಹೋಗಿ ಓದುವವರಿಲ್ಲದಾಗಲೇ ನೀವು ಇಂಗ್ಲಿಷ್ ಬಲ್ಲ ಹುಡುಗಿ ಬೇಕೆಂದದ್ದಂತೆ. ಹೊಸ ಪುಟ ಓದಿಸುವ ಮೊದಲು ನನಗೂ ಕಥೆ ತಿಳಿದಿರಲಿ ಎಂದು ಹಳೆಯ ಪುಟಗಳಿಂದ ಶುರು ಮಾಡಿದ್ದಂತೆ. ಅಂದರೆ ಮೊದಲ ಬುಟ್ಟಿಯ ದಿನವೇ ಸಿಕ್ಕಿಬಿದ್ದಿದ್ದೆ! ಆ ಮೊದಲ ಪುಟದಲ್ಲಿ ಅವರಿನ್ನೂ ಜೋಡಿಯೇ ಅಲ್ಲ. ಅವಳು ಕಳ್ಳಿ, ಅವನು ಅವಳನ್ನು ಹಿಡಿದು ಠಾಣೆಗೆ ಒಯ್ಯುತ್ತಿದ್ದಾನೆ. ನಾನು ಅವಳನ್ನು ತವರಿಗೆ ಕಳಿಸಿದ್ದೆ! ಅದನ್ನು ಓದಿ ನೀವು ಮಗ್ಗದಲ್ಲಿ ಕೂತು ಹೇಗೆ ನಗು ತಡೆದಿರಿ? ಅಷ್ಟು ವರ್ಷ, ಒಂದು ದಿನವಾದರೂ ಬಾಯಿ ಬಿಡಬಾರದಿತ್ತೇ? ಬಂದವರೆಲ್ಲ ಮುಖ ಸಣ್ಣ ಮಾಡಿ ಕೂತಿದ್ದರು, ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅಳುತ್ತಿದ್ದೇನೆಂದು ಸೊಸೆ ನೀರು ತಂದುಕೊಟ್ಟಳು.

ಯಾಕೆ ಹೇಳಲಿಲ್ಲವಂತೆ ಎಂದು ಕೇಳಿದೆ. ಅವನೂ ಆಗಲೇ ನಿಮ್ಮನ್ನು ಕೇಳಿದ್ದನಂತೆ. ನೀವು ಅಂದಿರಂತೆ: “ನೀ ಓದಿದ್ದು ಒಮ್ಮೆ ಕೇಳಾಕ ಛಲೋ ಇತ್ತು. ಆಕಿದು ದಿನಾ ಕೇಳಬೇಕನಸ್ತೈತಿ.” ಈ ಒಂದು ಮಾತನ್ನು ನನಗೇ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಅದೇ ನನ್ನ ತಕರಾರು. ಹೇಳಿಯಾಯಿತು, ಸಿಟ್ಟೂ ಇಳಿಯಿತು.

ಆದರೆ ರೀ, ಎಲ್ಲ ತಿಳಿದವರೆಂದು ಬೀಗಬೇಡಿ. ನಿಮಗೂ ಈರಪ್ಪನಿಗೂ ಗೊತ್ತಿಲ್ಲದ್ದು ಒಂದಿದೆ. ಈರಪ್ಪ ಬಂದು ಹೋದ ಮೇಲೆ ನಾನು ದವಾಖಾನೆಯ ನರ್ಸಬಾಯಿಯ ಮನೆಗೆ ಮಧ್ಯಾಹ್ನ ಸ್ವೆಟರ್ ಹೆಣಿಗೆ ಕಲಿಯಲು ಹೋಗುತ್ತಿದ್ದೆನಲ್ಲ? ಎರಡು ವರ್ಷ ಹೋದೆ, ಒಂದು ತೋಳೂ ಹೊರಬೀಳಲಿಲ್ಲ. ನೀವು ಪಾಪ, ಬೆಳಗಾವಿಗೆ ಹೋದಾಗ ಎರಡು ಸಲ ಉಣ್ಣೆ ತಂದುಕೊಟ್ಟಿರಿ. ಅಲ್ಲಿ ಕಲಿತದ್ದು ಇಂಗ್ಲಿಷ್. ಅಪ್ಪನ ಸುಳ್ಳನ್ನು ಖರೆ ಮಾಡಬೇಕೆಂದು ಹಟ ಹಿಡಿದು ಕಲಿತೆ. ನೀವು ಮಗ್ಗದ ಗೂಡಿನಲ್ಲಿ ಇಟ್ಟಿದ್ದ ಪುಟಗಳನ್ನೆಲ್ಲ ಒಂದೊಂದಾಗಿ ತೆಗೆದು ಓದಿದೆ. ಮೊದಲ ಪುಟದ ಠಾಣೆಯ ಸಂಗತಿ ನನಗೆ ತಿಳಿದದ್ದು ಆಗಲೇ. ಕಳ್ಳಿ ಹೇಗೆ ಅವನ ಜೊತೆಯಾದಳು, ಇಬ್ಬರೂ ಸೇರಿ ಹೇಗೆ ಊರು ಕಾದರು, ಎಲ್ಲ ತಿಳಿಯಿತು. ಅವರ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು. ಆದರೂ ಚೀಟಿಯಲ್ಲಿ ನನ್ನದನ್ನೇ ಬರೆಯುತ್ತಾ ಹೋದೆ. ನೀವು ಅದಕ್ಕೇ ಕಾಯುತ್ತೀರಿ ಅನ್ನಿಸುತ್ತಿತ್ತು.

ಕೊನೆಯ ಪುಟ ಬಂದದ್ದು ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ. ಆಮೇಲೆ ನೂಲಿನ ಗಂಟಿಗೆ ಖಾಕಿ ಕಾಗದ ಸುತ್ತತೊಡಗಿದರು. ಆ ಪುಟದಲ್ಲಿ ಇಬ್ಬರೂ ಎತ್ತರದ ಮಾಳಿಗೆಯ ಮೇಲೆ ಕೈ ಕೈ ಹಿಡಿದು ನಿಂತಿದ್ದರು. ನಾನು ಚೀಟಿಯಲ್ಲಿ ಬರೆದೆ: ಕೆಲಸ ಮುಗೀತು, ಮನೆಗೆ ನಡಿ ಎಂದ ಗಾಳೆಪ್ಪ. ನಡೀರಿ, ರೊಟ್ಟಿ ಆರುತ್ತಿವೆ ಎಂದಳು ಮಿಂಚವ್ವ. ನೀವು ಚೀಟಿ ಹಿಡಿದು ಒಳಗೆ ಬಂದು, ಅವ್ವ ಕೂತಿದ್ದರೂ ಲೆಕ್ಕಿಸದೆ, “ಛಲೋ ಆತು” ಎಂದು ಹೋದಿರಿ.

ಆ ಪುಟದಲ್ಲಿ ಇದ್ದದ್ದು ಅದಲ್ಲ. ಅವನು ದೂರದ ಲೋಕಕ್ಕೆ ಹೊರಟಿದ್ದ. ತಿರುಗಿ ಬರಲಾಗುವುದಿಲ್ಲ ಎನ್ನುತ್ತಿದ್ದ. ಊರನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅವಳು ಕೈ ಬಿಡಿಸಿಕೊಳ್ಳುತ್ತಿದ್ದಳು. ಅಕ್ಷರ ಅಕ್ಷರವೂ ನನಗೆ ಸರಿಯಾಗಿ ತಿಳಿದಿತ್ತು. ಮೂರು ಸಲ ಓದಿದೆ. ನಿಮಗೆ ಅದನ್ನು ಹೇಳಲು ಮನಸ್ಸಾಗದೆ ಅವರನ್ನು ಮನೆಗೆ ಕರೆತಂದೆ.

ಇವತ್ತು ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದ್ದೇನೆ. ಮನೆ ನಾನು ನೋಡಿಕೊಳ್ಳುತ್ತೇನೆ. ನೀವು ಹೋಗಿ ಬನ್ನಿ.