ಅಟ್ಟ ತುಂಬಿತು

ಅರಸೀಕೆರೆ,
೧೭ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ದೊರೆಗಳಿಗೆ,

ನಿಮ್ಮ ಉಷಾರಾಣಿಯ ನಮಸ್ಕಾರಗಳು. ಗಂಟಲು ಹೇಗಿದೆ? ಊತ ಇಳಿಯಿತೇ? ಮಾಲಿನಿ ಹೇಳಿದ ಹಾಗೆ ಎರಡು ಹೊತ್ತೂ ಆವಿ ತೆಗೆದುಕೊಳ್ಳುತ್ತಿದ್ದೀರೋ, ತಂಗಿಯ ಮನೆಯೆಂಬ ಸಲಿಗೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದೀರೋ? ಆರು ವಾರ ಒಂದು ಮಾತೂ ಆಡಕೂಡದು ಎಂದು ಹಾಸನದ ಡಾಕ್ಟರು ಹೇಳಿದ್ದಾರೆ. ಫೋನ್ ಮಾಡಿದರೆ ಸುಮ್ಮನೆ ಕೇಳಿಸಿಕೊಳ್ಳುವುದು ನಿಮ್ಮ ಜಾಯಮಾನವಲ್ಲ, ನಡುವೆ ಬಾಯಿ ಹಾಕಿಯೇ ಹಾಕುತ್ತೀರಿ. ವಾಟ್ಸಾಪಿನಲ್ಲಿ ಬರೆದರೆ ಎರಡು ಸಾಲು ಓದಿ ಹೆಬ್ಬೆರಳು ತೋರಿಸಿ ಮುಗಿಸುತ್ತೀರಿ. ಅದಕ್ಕೇ ಈ ಕಾಗದ. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಹೇಳಿ ನೀವು ಕೇಳುವ ಯೋಗ ಬಂದಿದೆ, ಬಿಡುತ್ತೇನೆಯೇ? ದೊರೆಗಳೇ ಎಂದು ಕರೆದದ್ದಕ್ಕೆ ನಗಬೇಡಿ. ನಾಟಕದಲ್ಲಿ ನೀವು ಪಾಳೇಗಾರ, ನಾನು ಪಾಳೇಗಾರನ ಹೆಂಡತಿ. ಅಲ್ಲಿ ಕರೆದು ಕರೆದು ಬಾಯಿಗೆ ರೂಢಿಯಾಗಿದೆ. ನಿಮ್ಮ ಹೆಸರು ಹಿಡಿದು ಬರೆಯಲು ನನಗೆ ಇನ್ನೂ ನಾಚಿಕೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನಿನ್ನೆ ನಾಟಕ ಆಯಿತು. ಗೆದ್ದೆವು ಕಣ್ರೀ! ಕೂರಲು ಜಾಗವಿಲ್ಲದೆ ಜನ ಬಾಗಿಲಿನ ಆಚೆ ರಸ್ತೆಯವರೆಗೆ ನಿಂತಿದ್ದರು. ಹೇಗೆ ಗೆದ್ದೆವು ಅನ್ನುವುದನ್ನು ಕ್ರಮವಾಗಿ ಹೇಳಬೇಕು, ಇಲ್ಲದಿದ್ದರೆ ನೀವು ನಂಬುವುದಿಲ್ಲ.

ಮಾವನವರಾದ ದೇವೀರಪ್ಪನವರು ನಮ್ಮ ಕೊಬ್ಬರಿ ಗೋಡೌನಿನಲ್ಲಿ ನಾಟಕ ಶುರು ಮಾಡಿದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮುಂಚೆ ಹೇಳುವವರು ನೀವು. ಮೇಲೆ ಬಿದಿರು ದಬ್ಬೆಯ ಅಟ್ಟದಲ್ಲಿ ಸಿಪ್ಪೆ ಸಮೇತ ತೆಂಗಿನಕಾಯಿ ವರ್ಷವಿಡೀ ಒಣಗಿ ಕೊಬ್ಬರಿಯಾಗುವುದು, ಕೆಳಗೆ ನಾವು ಬಣ್ಣ ಹಚ್ಚಿಕೊಂಡು ಅಬ್ಬರಿಸುವುದು. ಸರ್ಕಾರದ ಹಂಗಿಲ್ಲ, ಯಾವ ದೊಡ್ಡವರ ಕೃಪೆಯೂ ಇಲ್ಲ. ‘ಹವ್ಯಾಸಿ ನಾಟಕ ಮಂಡಳಿ’ ಎಂದು ಮಾವನವರು ಬೋರ್ಡು ಬರೆಸಿದರೂ ಊರಿನವರ ಬಾಯಲ್ಲಿ ಅದು ಕಾಯಟ್ಟದ ನಾಟಕವೇ. ಆದರೆ ಧೂಳು! ಪಾಳೇಗಾರ ಕತ್ತಿ ಎತ್ತುವ ಹೊತ್ತಿಗೆ ಸರಿಯಾಗಿ ದಬ್ಬೆಯ ಸಂದಿನಿಂದ ನಾರಿನ ಪುಡಿ ಕಿರೀಟದ ಮೇಲೆ ಉದುರುವುದು, ಇಲಿಗಳು ಮೇಲೆ ತಮ್ಮದೇ ಯುದ್ಧ ನಡೆಸುವುದು. ಹೊರಗಿನಿಂದ ಬಂದವರ ಎದುರು ಮರ್ಯಾದೆ ಹೋಗುತ್ತದೆ ಎಂದು ದೀಪಾವಳಿ ಕಳೆದ ಮೇಲೆ ನಾವೆಲ್ಲ ಒಂದೇ ಬಾಯಲ್ಲಿ ರಿಪೇರಿಗೆ ಹ್ಞೂಂ ಅಂದೆವು. ಕಾಯಿ ಇಳಿಸಿ ಮಾರಿದೆವು, ಅಟ್ಟ ಗುಡಿಸಿದೆವು, ನೆಲಕ್ಕೆ ಟೈಲ್ಸ್ ಬಂತು, ಬಸ್ತಿಹಳ್ಳಿಯ ಜಿನಪ್ರಸಾದ್ ತಾವೇ ನಿಂತು ಹೊಸ ಲೈಟು ಕಟ್ಟಿಸಿದರು. ನಾಟಕಮನೆ ಮದುವೆ ಹೆಣ್ಣಿನ ಹಾಗೆ ಕಾಣುತ್ತಿತ್ತು.

ಅಲ್ಲೇ ಎಡವಿದ್ದು. ತಾಲೀಮಿನ ಮೊದಲ ದಿನವೇ ನಿಮ್ಮ ಮಾತು ಹಿಂದಿನ ಸಾಲಿಗೆ ಕಲಸಿಹೋಗಿ ಕೇಳಿಸಿತು. ನಮ್ಮ ಮಂಡಳಿಯ ಹುಡುಗ ಚಿದಂಬರ ಹಿಂದೆ ನಿಂತು ಜೋರಾಗಿ ಹೇಳಿ, ಇನ್ನೂ ಜೋರಾಗಿ ಎಂದು ಕೈ ಬೀಸಿದ. ನೀವು ಜೋರು ಮಾಡಿದಷ್ಟೂ ಮಾತು ಹಾಳಾಯಿತು. ವಾರಗಟ್ಟಲೆ ಕಿರುಚಿ ಕಿರುಚಿ ಕೊನೆಗೆ ಸ್ವರವೇ ಹೊರಡದ ಹಾಗಾಯಿತು. ಮಾಲಿನಿಯ ಮನೆಗೆಂದು ಮೈಸೂರು ಬಸ್ಸು ಹತ್ತುವ ಮೊದಲು ನೀವು ಕಿರೀಟವನ್ನು ನನ್ನ ಮಡಿಲಿಗೆ ಹಾಕಿ, ಗಂಟಲು ಮುಟ್ಟಿ ತೋರಿಸಿ, ಮುಗಿಯಿತು ಎಂದು ಕೈಯಾಡಿಸಿದ್ದು ನನ್ನ ಕಣ್ಣಿಂದ ಹೋಗಿಲ್ಲ. ಇನ್ನು ರಂಗ ಹತ್ತುವುದಿಲ್ಲ ಎಂದು ನೀವು ತೀರ್ಮಾನ ಮಾಡಿಯಾಗಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮಾರನೆಯ ದಿನವೇ ಕೊಬ್ಬರಿ ಮಂಡಿಯ ಭೀಮರಾಜ್ ಬಾಗಿಲಲ್ಲಿ ಹಾಜರು. ಎಷ್ಟು ವರ್ಷದಿಂದ ನಮ್ಮ ಗೋಡೌನಿನ ಮೇಲೆ ಕಣ್ಣು ಅವರಿಗೆ! “ನಾಟಕ ನಿಂತ್ರೆ ನಂಗೊಂದು ಮಾತು ಹೇಳ್ರಮ್ಮ, ನನ್ ಕಾಯಿಗೆ ಜಾಗ ಸಾಲ್ದಂಗೈತೆ” ಅಂದರು. ನಿಂತಾಗ ಹೇಳುತ್ತೇನೆ, ಸದ್ಯಕ್ಕೆ ನಡೆಯಿರಿ ಅಂದೆ.

ಆ ಸಿಟ್ಟಿನಲ್ಲೇ ಪಾಳೇಗಾರನ ಪಾತ್ರ ನಾನೇ ಮಾಡುತ್ತೇನೆ ಎಂದು ಹೊರಟೆ. ನನ್ನ ಪಾತ್ರವನ್ನು ಮಂಡಳಿಯ ಸ್ವಾತಿಗೆ ಕೊಟ್ಟೆ. ಆ ಹುಡುಗಿಗೆ ಕಂಠಪಾಠ ಎಂದರೆ ನೀರು ಕುಡಿದ ಹಾಗೆ. “ಮೀಸೆ ಅಂಟಿಸ್ಕೊಂಡ್ರೆ ಜನ ನಗ್ತಾರೆ ಕಣಕ್ಕಾ” ಅಂದ ಚಿದಂಬರ. ನಗಲಿ ಬಿಡೋ, ಟಿಕೆಟ್ ತಗೊಂಡು ನಗಲಿ ಅಂದೆ. ಆದರೆ ನಗುವುದಕ್ಕಾದರೂ ಮಾತು ಕೇಳಬೇಕಲ್ಲ! ನನ್ನ ಮಾತೂ ಕಲಸಿತು. ಸ್ವಾತಿಯದೂ ಅಷ್ಟೇ, ಚಿದಂಬರನದೂ ಅಷ್ಟೇ. ನಮ್ಮೆಲ್ಲರ ಗಂಟಲೂ ಒಟ್ಟಿಗೆ ಕೆಡಲು ಸಾಧ್ಯವೇ? ಏನೋ ಇದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ.

ತಲೆ ಕೆಟ್ಟು ತವರೂರು ಗಂಡಸಿಗೆ ಹೋಗಿ ಅಮ್ಮನ ಹತ್ತಿರ ಒಂದು ದಿನ ಇದ್ದೆ. ನಮ್ಮಮ್ಮ ಬಸಮ್ಮನ ಕಿವಿಯ ವಿಷಯ ನಿಮಗೆ ಗೊತ್ತೇ ಇದೆ, ಪಕ್ಕದಲ್ಲಿ ಪಟಾಕಿ ಹೊಡೆದರೆ ಯಾರೋ ಕೆಮ್ಮಿದರು ಅನ್ನುತ್ತಾಳೆ. ನಾನು ತೊಟ್ಟಿಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಓಡಾಡುತ್ತ ಪಾಳೇಗಾರನ ಮಾತು ಹೇಳಿಕೊಳ್ಳುತ್ತಿದ್ದೆ, ಅವಳು ಆ ತುದಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ತಲೆಯೆತ್ತಿ “ಯಾಕೇ ಹಂಗ್ ಕಿರುಚ್ತೀಯ? ನಾನೇನ್ ಕಿವುಡೀನಾ?” ಅಂದಳು. ನಾನು ಕೋಣೆಯ ಈ ತುದಿಗೆ ಸರಿದೆ. ಮೆಲ್ಲಗೆ ಇನ್ನೊಂದು ಸಾಲು ಹೇಳಿದೆ. “ಕೋಟೆ ಹೋದ್ರೆ ಹೋಗ್ಲಿ ಅಂತಾನಾ? ಎಂಥಾ ದೊರೆನೇ ಅವ್ನು!” ಎಂದು ಬೈದಳು. ಅಂದರೆ ಮಾತು ಮಾತೂ ಮುಟ್ಟಿದೆ! ಮೇಲೆ ನೋಡಿದೆ. ತಲೆಯ ಮೇಲೆ ಗೋಡೆಯಿಂದ ಗೋಡೆಯವರೆಗೆ ಅಟ್ಟ, ಅಟ್ಟದ ತುಂಬ ಕಾಯಿ. ನಮ್ಮ ನಾಟಕಮನೆಯಲ್ಲೂ ಇಷ್ಟು ಕಾಲ ಮೇಲಿನ ಆ ಸಿಪ್ಪೆ, ಆ ನಾರು ಹೆಚ್ಚಿನ ಸದ್ದನ್ನೆಲ್ಲ ಹೀರಿಕೊಂಡು ಮಾತನ್ನು ಮಾತ್ರ ಉಳಿಸುತ್ತಿತ್ತು. ನಾವು ಮಹಾ ಬುದ್ಧಿವಂತರು ಅದನ್ನೇ ಇಳಿಸಿ ಮಾರಿ, ಕೆಳಗೆ ಟೈಲ್ಸ್ ಬೇರೆ ಹಾಕಿಸಿದ್ದೆವು. ಬರಿಯ ಗೋಡೆಗೂ ನೆಲಕ್ಕೂ ಬಡಿದು ಮಾತು ವಾಪಸು ಬರದೆ ಇನ್ನೇನಾಗುತ್ತದೆ?

ಅವತ್ತೇ ಅಮ್ಮನ ಅಟ್ಟ ಖಾಲಿ ಮಾಡಿಸಿ ಟ್ರ್ಯಾಕ್ಟರಿನಲ್ಲಿ ತುಂಬಿಸಿಕೊಂಡು ಬಂದೆ. ಅವಳು ಬೈದಳು, ಆದರೂ ಬಿಟ್ಟುಕೊಟ್ಟಳು. ಕಾಲುಭಾಗ ಅಟ್ಟ ತುಂಬುವಷ್ಟರಲ್ಲಿ ಚಿದಂಬರ ಕೆಳಗಿನಿಂದ “ಅಕ್ಕಾ, ನನ್ ಮಾತು ನಂಗೇ ಬಿಡಿಬಿಡಿಯಾಗಿ ಕೇಳ್ತೈತೆ!” ಎಂದು ಕುಣಿದಾಡಿದ. ಉಳಿದದ್ದಕ್ಕೆ ಊರನ್ನೇ ಕೇಳಿದೆವು. ನಿಮ್ಮ ಕಾಯಿ ನಮ್ಮ ಅಟ್ಟದಲ್ಲಿ ಒಣಗಲಿ, ಕೊಬ್ಬರಿಯಾದ ಮೇಲೆ ನಿಮ್ಮದು ನಿಮಗೇ ಅಂದೆವು. ತೋಟದವರು ಬೈಕಿನಲ್ಲಿ, ಆಟೋದಲ್ಲಿ, ಗಾಡಿಯಲ್ಲಿ ತಂದರು. ಜಿನಪ್ರಸಾದ್ ಮತ್ತು ಅವರ ಹೆಂಡತಿ ಧರ್ಮಾವತಿ ತಮ್ಮ ತೋಟದ ಕಾಯಿಯ ಜೊತೆಗೆ ಹಳೇಬೀಡಿನ ನಾಲ್ಕು ಮನೆಯವರದನ್ನೂ ಹೇರಿಕೊಂಡು ಬಂದರು. ಯಾರ ಕಾಯಿ ಯಾರದರಲ್ಲಿ ಸೇರಿತೆಂದು ಅಟ್ಟದ ಮೇಲೆ ಜಗಳವೋ ಜಗಳ. ಕೊನೆಗೆ ಹಗ್ಗ ಕಟ್ಟಿ ಪಾಲು ಮಾಡಬೇಕಾಯಿತು. ಆದರೂ ಬಾಗಿಲ ಕಡೆಯ ಭಾಗ ಖಾಲಿ ಉಳಿಯಿತು. ನಾಟಕದ ಹಿಂದಿನ ದಿನ ಬೆಳಿಗ್ಗೆ ಒಂದು ಲಾರಿ ಬಂದು ನಿಂತಿತು ನೋಡಿ, ಭೀಮರಾಜ್! “ಕೊನೆಗೂ ನನ್ ಕಾಯಿ ಒಳಕ್ಕೆ ಹೋಯ್ತಲ್ಲಮ್ಮ” ಎಂದು ಹೊಟ್ಟೆ ಕುಲುಕಿಸಿ ನಕ್ಕರು. ನನಗೂ ನಗು ತಡೆಯಲಿಲ್ಲ. ಇನ್ನು ಅವರು ಗೋಡೌನು ಕೇಳುವ ಹಾಗಿಲ್ಲ, ನಾಟಕ ನಿಂತರೆ ಅವರ ಕಾಯಿಗೂ ಕಾವಲಿಲ್ಲ ಎಂದು ಅವರೇ ಹೇಳುತ್ತಿದ್ದಾರಂತೆ.

ನಿನ್ನೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಜಿನಪ್ರಸಾದ್ ಮನೆಯವರೆಲ್ಲ ಮುಂದಿನ ಸಾಲು ಹಿಡಿದಿದ್ದರು. ನಾನು ಮೀಸೆ ಅಂಟಿಸಿಕೊಂಡು ಬಂದಾಗ ಯಾರೋ ಶಿಳ್ಳೆ ಹೊಡೆದರು. ಎರಡನೇ ಮಾತಿಗೆ ಸದ್ದಡಗಿತು. ಕೋಟೆಯ ಕೀಲಿಯನ್ನು ಮಗಳ ಕೈಗೆ ಕೊಡುವ ದೃಶ್ಯವನ್ನು ಕೂಗದೆ, ಮಗುವಿಗೆ ಹೇಳುವ ಹಾಗೆ ಪಿಸುದನಿಯಲ್ಲಿ ಆಡಿದೆ. ಬಾಗಿಲಾಚೆ ನಿಂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ಅಷ್ಟರಲ್ಲಿ ಕಿರೀಟದ ಮೇಲೆ ನಾರಿನ ಧೂಳು ಸುರಿಯಿತು. ಜನ ಎದ್ದು ಚಪ್ಪಾಳೆ ಹೊಡೆದರು ಕಣ್ರೀ, ಧೂಳಿಗೆ! ನನ್ನ ಜನ್ಮದಲ್ಲಿ ಇಷ್ಟು ಸಂತೋಷ ಪಟ್ಟಿಲ್ಲ. ನೀವು ಪಕ್ಕದಲ್ಲಿಲ್ಲವೆಂಬ ಸಂಕಟವೂ ಅಷ್ಟೇ ಇತ್ತು.

ಮಾಲಿನಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸಿ. ತಣ್ಣನೆಯದನ್ನು ಮುಟ್ಟಬೇಡಿ, ಮಫ್ಲರ್ ಬಿಚ್ಚಬೇಡಿ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಉಷಾರಾಣಿ

ಮತ್ತೆ: ಚಿದಂಬರ ಅಂಚೆಪೆಟ್ಟಿಗೆಗೆ ಹಾಕುತ್ತೇನೆಂದು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಾಟಕ ಮುಗಿದ ಮೇಲೆ ಮೀಸೆ ಕಿತ್ತು, ಯುಗಾದಿಯ ಸಂಜೆ ಇದೇ ನಾಟಕ, ಪಾಳೇಗಾರರಾಗಿ ನಮ್ಮ ಯಜಮಾನರು ಶರತ್ಚಂದ್ರ ಎಂದು ಹೇಳಿಬಿಟ್ಟೆ. ಹೌದು, ಹೆಸರು ಹಿಡಿದೇ ಹೇಳಿದೆ. ಡಾಕ್ಟರನ್ನು ಕೇಳಿಯೇ ಹೇಳಿದ್ದು, ಅಷ್ಟರಲ್ಲಿ ಸರಿಹೋಗುತ್ತದೆ, ಕೂಗದಿದ್ದರೆ ಸಾಕು ಅಂದರು. ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ಕೈಯಾಡಿಸುತ್ತಿದ್ದಿರಿ. ಈಗಲೂ ಆಗುವುದಿಲ್ಲ ಅನ್ನುವುದಾದರೆ ನನಗೆ ಬರೆಯಬೇಡಿ. ಇಲ್ಲಿಗೇ ಬಂದು, ರಂಗದ ಮೇಲೆ ನಿಂತು, ಕಡೆಯ ಸಾಲಿನವರಿಗೆ ಕೇಳುವ ಹಾಗೆ ನೀವೇ ಹೇಳಿ.